ರೋಮನ್ ಪೌರತ್ವದ ವಿಕಾಸ

ಪ್ರಾಚೀನ ರೋಮನ್ ನಾಗರಿಕತೆಯನ್ನು ಕುರಿತ ವಿಶ್ವವಿದ್ಯಾನಿಲಯದ ಪ್ರವೇಶಪಾಠವು ಸಾಮಾನ್ಯವಾಗಿ ಸುಮಾರು 1200 ವರ್ಷಗಳ ಅವಧಿಯನ್ನು ಒಳಗೊಳ್ಳುತ್ತದೆ. ಐತಿಹ್ಯದಂತೆ ಕ್ರಿ.ಪೂ. 753ರಲ್ಲಿ ನಗರವು ಸ್ಥಾಪಿತವಾಯಿತು, ಕ್ರಿ.ಶ. 476ರಲ್ಲಿ ಪಶ್ಚಿಮದ ಚಕ್ರಾಧಿಪತ್ಯವು ಅಸ್ತಂಗತವಾಯಿತು. ಸೀಸರನ ಯುದ್ಧಗಳೂ ಕೊಲೋಸಿಯಮ್ಮಿನ ಕಮಾನುಗಳೂ ಆರಂಭದ ವಿದ್ಯಾರ್ಥಿಯ ಮನಸ್ಸನ್ನು ಸಹಜವಾಗಿಯೇ ಸೆಳೆಯುತ್ತವೆ. ಆದರೆ ಈ ದೀರ್ಘ ಚರಿತ್ರೆಯ ಒಳಗೆ ಹರಿದಿರುವ ಸೂತ್ರವೊಂದುಂಟು. ರೋಮನನೆನಿಸಿಕೊಳ್ಳಲು ಯಾರು ಅರ್ಹರು ಎಂಬ ಪ್ರಶ್ನೆಯೇ ಆ ಸೂತ್ರ.

ಗಣರಾಜ್ಯದ ಆದಿಯಲ್ಲಿ ಅಧಿಕಾರ, ಪೌರೋಹಿತ್ಯ, ನ್ಯಾಯಜ್ಞಾನ ಈ ಮೂರೂ ಪ್ಯಾಟ್ರಿಷಿಯನ್ನರೆಂಬ ಕುಲೀನರ ವಶದಲ್ಲಿದ್ದವು. ಉಳಿದ ಜನರು ಪ್ಲೀಬಿಯನ್ನರೆನಿಸಿದರು. ಸಾಲ ತೀರಿಸಲಾರದವನು ಸಾಲಿಗನಿಗೆ ತನ್ನ ದೇಹವನ್ನೇ ಒತ್ತೆಯಿಡಬೇಕಾಗುತ್ತಿತ್ತು. ಕ್ರಿ.ಪೂ. 494ರಲ್ಲಿ ಪ್ಲೀಬಿಯನ್ನರು ನಗರವನ್ನು ತೊರೆದು ಸಮೀಪದ ಬೆಟ್ಟವೊಂದರಲ್ಲಿ ನೆಲಸಿದರೆಂದು ಐತಿಹ್ಯವು ಹೇಳುತ್ತದೆ. ಸೈನಿಕರಿಲ್ಲದೆ ನಗರಕ್ಕೆ ರಕ್ಷಣೆಯೆಲ್ಲಿ? ಕುಲೀನರು ಮಣಿಯಲೇಬೇಕಾಯಿತು. ಹೀಗೆ ಟ್ರಿಬ್ಯೂನ್ ಎಂಬ ಜನಪ್ರತಿನಿಧಿಯ ಪದವಿ ಹುಟ್ಟಿತು. ಅಧಿಕಾರಿಯ ಆಜ್ಞೆಯನ್ನು ತಡೆಯುವ ಹಕ್ಕು ಟ್ರಿಬ್ಯೂನನಿಗಿದ್ದಿತು. ಇಂದು ಬಳಕೆಯಲ್ಲಿರುವ ‘ವೀಟೊ’ ಎಂಬುದು ‘ನಾನು ನಿಷೇಧಿಸುತ್ತೇನೆ’ ಎಂಬರ್ಥದ ಲ್ಯಾಟಿನ್ ಪದವೇ ಆಗಿದೆ.

ಕ್ರಿ.ಪೂ. 451–450ರಲ್ಲಿ ಸಿದ್ಧವಾದ ಹನ್ನೆರಡು ಫಲಕಗಳ ಶಾಸನವು ಎರಡನೆಯ ಮೆಟ್ಟಿಲು. ಅದರ ವಿಧಿಗಳು ಮೃದುವಾಗಿರಲಿಲ್ಲ. ಎರಡು ವರ್ಗಗಳ ನಡುವಣ ವಿವಾಹವನ್ನೂ ಅದು ನಿಷೇಧಿಸಿತ್ತು. ಆದರೂ ಕೆಲವರ ನೆನಪಿನಲ್ಲಿ ಅಡಗಿದ್ದ ಕಾನೂನು ಎಲ್ಲರೂ ಕಾಣುವ ಬರಹವಾದುದು ಸಾಮಾನ್ಯ ಸಂಗತಿಯಲ್ಲ. ಬರೆದಿಟ್ಟುದನ್ನು ಪ್ರಶ್ನಿಸಬಹುದು, ತಿದ್ದಬಹುದು. ವಿವಾಹನಿಷೇಧವು ಕ್ರಿ.ಪೂ. 445ರಲ್ಲಿಯೇ ರದ್ದಾಯಿತು. ಕ್ರಿ.ಪೂ. 367ರ ಶಾಸನದಿಂದ ಕಾನ್ಸಲ್ ಪದವಿಯೂ, ಕ್ರಿ.ಪೂ. 300ರಲ್ಲಿ ಪ್ರಧಾನ ಪುರೋಹಿತಮಂಡಲಿಗಳೂ ಪ್ಲೀಬಿಯನ್ನರಿಗೆ ತೆರೆದವು. ಕ್ರಿ.ಪೂ. 287ರಲ್ಲಿ ಅವರ ಸಭೆಯ ನಿರ್ಣಯಗಳು ಸಮಸ್ತ ಪ್ರಜೆಗಳಿಗೂ ಬದ್ಧವಾದವು. ಇಷ್ಟಕ್ಕೆ ಎರಡು ಶತಮಾನಗಳು ಹಿಡಿದವು.

ಅನಂತರದ ಪ್ರಶ್ನೆ ನಗರದ ಹೊರಗಿನವರದು. ರೋಮಿನ ಪರವಾಗಿ ಹೋರಾಡಿದ ಇಟಲಿಯ ಮಿತ್ರಜನರು ಪೌರತ್ವ ದೊರೆಯದೆ ಕ್ರಿ.ಪೂ. 91ರಲ್ಲಿ ದಂಗೆಯೆದ್ದರು; ಯುದ್ಧದ ನಡುವೆಯೇ ರೋಮ್ ಅದನ್ನು ನೀಡಬೇಕಾಯಿತು. ಕ್ರಿ.ಶ. 48ರಲ್ಲಿ ಗಾಲ್ ದೇಶದ ಪ್ರಮುಖರನ್ನು ಸೆನೆಟ್ಟಿಗೆ ಸೇರಿಸಿಕೊಳ್ಳಬೇಕೆಂದು ಚಕ್ರವರ್ತಿ ಕ್ಲಾಡಿಯಸನು ವಾದಿಸಿದನು. ಈ ಭಾಷಣವು ಎರಡು ರೂಪಗಳಲ್ಲಿ ಉಳಿದು ಬಂದಿದೆ: ಒಂದು, 1528ರಲ್ಲಿ ಲಿಯಾನ್ ನಗರದಲ್ಲಿ ದೊರೆತ ಕಂಚಿನ ಶಾಸನ, ಇನ್ನೊಂದು, ಇತಿಹಾಸಕಾರ ಟ್ಯಾಸಿಟಸನ ಗ್ರಂಥದಲ್ಲಿರುವ ಪಾಠ. ಶಾಸನದಲ್ಲಿ ಮಾತು ಅಡ್ಡಹಾದಿ ಹಿಡಿದು ಸಾಗುತ್ತದೆ. ಗ್ರಂಥದಲ್ಲಿ ಅದೇ ವಾದವು ಬಿಗಿಯಾಗಿ, ಸುಂದರವಾಗಿ ಮೈದಾಳಿದೆ. ಶಾಸನವನ್ನೂ ಕೃತಿಯನ್ನೂ ಜೊತೆಗಿಟ್ಟು ಓದುವ ಸಾಹಿತ್ಯ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಪಾಠ ವಿರಳ.

ಕ್ರಿ.ಶ. 212ರಲ್ಲಿ ಕ್ಯಾರಕಲ್ಲನು ಚಕ್ರಾಧಿಪತ್ಯದ ಬಹುತೇಕ ಸ್ವತಂತ್ರ ಪ್ರಜೆಗಳೆಲ್ಲರಿಗೂ ಪೌರತ್ವವನ್ನಿತ್ತನು. ತೆರಿಗೆಯ ಆದಾಯವೇ ಇದರ ಉದ್ದೇಶವೆಂದು ಸಮಕಾಲೀನನಾದ ಡಿಯೊ ಕ್ಯಾಸಿಯಸನು ಆಪಾದಿಸಿದ್ದಾನೆ. ಉದಾರವಾದ ಕಾರ್ಯದ ಹಿಂದೆ ಉದಾರವಾದ ಮನಸ್ಸೇ ಇರಬೇಕೆಂಬ ನಿಯಮವಿಲ್ಲ.

ಈ ವಿಸ್ತಾರಕ್ಕೆ ಮಿತಿಯೂ ಇದ್ದಿತು. ಪೌರಸ್ತ್ರೀಯರಿಗೆ ಮತವಾಗಲಿ ಪದವಿಯಾಗಲಿ ಇರಲಿಲ್ಲ. ಗುಲಾಮನು ಕಾನೂನಿನ ದೃಷ್ಟಿಯಲ್ಲಿ ಸ್ವತ್ತು. ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸನು ಎಬ್ಬಿಸಿದ ದಂಗೆ ಕ್ರಿ.ಪೂ. 71ರಲ್ಲಿ ಅಡಗಿದಾಗ, ಸೆರೆಸಿಕ್ಕ 6000 ಮಂದಿಯನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಲಾಯಿತು. ಆದರೆ ಪೌರನಾದ ಒಡೆಯನು ವಿಧಿವತ್ತಾಗಿ ಬಿಡುಗಡೆ ಮಾಡಿದ ಗುಲಾಮನು ತಾನೂ ಪೌರನಾಗುತ್ತಿದ್ದನು. ಲ್ಯಾಟಿನ್ ಕವಿಶ್ರೇಷ್ಠನಾದ ಹೊರೇಸನು ಅಂತಹ ವಿಮುಕ್ತ ಗುಲಾಮನೊಬ್ಬನ ಮಗ.

ಒಂದೇ ಸಮಾಜವು ಗುಲಾಮನನ್ನು ಶಿಲುಬೆಗೂ ಏರಿಸಿತು, ಅವನ ಸಂತತಿಯನ್ನು ಕವಿಪೀಠಕ್ಕೂ ಏರಿಸಿತು. ಈ ಎರಡರಲ್ಲಿ ಒಂದನ್ನು ಮಾತ್ರ ಕಂಡವನು ರೋಮನ್ನು ಕಂಡಂತಾಗಲಿಲ್ಲ. ಯಾವ ನಾಗರಿಕತೆಯನ್ನಾದರೂ ಅಳೆಯುವಾಗ ಅದರ ಕಟ್ಟಡಗಳ ಎತ್ತರದೊಡನೆ ಅದರ ಬಾಗಿಲುಗಳ ಅಗಲವನ್ನೂ ನೋಡಬೇಕೆಂಬುದೇ ಈ ಅಧ್ಯಯನದ ಫಲಿತಾರ್ಥ.