ಮಂಕಾದ ಮಗುವೂ ಮನೆಯ ಹೊಸ್ತಿಲೂ

ಚುರುಕಾಗಿ ಉತ್ತರ ಹೇಳುತ್ತಿದ್ದ ಹುಡುಗನು ಕ್ರಮೇಣ ಹಿಂದಿನ ಸಾಲಿಗೆ ಸರಿದು ಮೌನಿಯಾದರೆ, ನಾವು ಉಪಾಧ್ಯಾಯರು ಅದನ್ನು ಆಲಸ್ಯವೆಂದೆಣಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ನಿದ್ರೆ ಬರುವುದೇ, ಅನ್ನ ಸೇರುವುದೇ ಎಂದು ಕೇಳಿದವರಿಲ್ಲ. ನಾವೂ ಕೇಳಲಿಲ್ಲ.

ಈಗಿನ ಕ್ರಮವು ಬೇರೆ. 2020ರಲ್ಲಿ ಕೇಂದ್ರ ಸರ್ಕಾರವು ಆಯುಷ್ಮಾನ್ ಭಾರತದ ಅಂಗವಾಗಿ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದಂತೆ ಪ್ರತಿ ಶಾಲೆಯ ಇಬ್ಬರು ಉಪಾಧ್ಯಾಯರಿಗೆ ಶಿಕ್ಷಣ ಕೊಡತಕ್ಕುದು. ಮನಸ್ಸಿನ ಸ್ವಾಸ್ಥ್ಯವೂ ಅದರ ವಿಷಯಗಳಲ್ಲೊಂದು. ಉಪಾಧ್ಯಾಯನು ಕುರುಹನ್ನು ಕಾಣಬಲ್ಲನಲ್ಲದೆ ಚಿಕಿತ್ಸೆ ಮಾಡಲಾರನು. ಅದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಕೆಲಸ. ಈ ಕಾರ್ಯಕ್ರಮದ ಮೂಲವು ನಮ್ಮ ನಾಡೇ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಿದ ಮಾದರಿಯೇ 1996ರಿಂದ ದೇಶದಲ್ಲಿ ಹಬ್ಬಿತು.

ಶಾಲೆಗೂ ವೈದ್ಯಶಾಲೆಗೂ ಹೀಗೆ ದಾರಿಯಾಗಿದೆ. ಅದು ಕಡಿಯುವುದು ನಮ್ಮ ಹೊಸ್ತಿಲಿನಲ್ಲಿ. ಜ್ವರವೆಂದರೆ ಓಡುವ ಗೃಹಸ್ಥರು ಇದಕ್ಕೆ ಮಾತ್ರ “ನಾಲ್ಕು ಜನ ಏನೆಂದಾರು” ಎಂದು ಬಾಗಿಲು ಮುಚ್ಚುವರು, ಹೆಣ್ಣುಮಗುವಾದರಂತೂ ಕೇಳಬೇಡಿ. ಉಪಾಧ್ಯಾಯರಿಂದ ಕರೆ ಬಂದರೆ ತಾಯಿತಂದೆಗಳಿಬ್ಬರೂ ಹೋಗಿ, ಮಗುವಿನ ನಿದ್ರೆ, ಊಟ, ಮಾತುಗಳಲ್ಲಾದ ವ್ಯತ್ಯಾಸವನ್ನು ಮುಚ್ಚದೆ ಹೇಳಬೇಕು. ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಇದೆ: 2022ರಲ್ಲಿ ಆರಂಭವಾದ ಈ ದೂರವಾಣಿಯ ಸಂಖ್ಯೆ 14416, ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಬದುಕು ಸಾಕೆಂದು ಮಗುವು ಒಮ್ಮೆ ನುಡಿದರೂ ನಾಳೆಗೆಂದು ಕಾಯದೆ, ಅದನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕುದು.