ಡೇರೆಯಿಂದ ಮಂದಿರಕ್ಕೆ

1896ನೆಯ ಇಸವಿ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಚಲಚ್ಚಿತ್ರಗಳ ಪ್ರದರ್ಶನ ನಡೆಯಿತೆಂಬುದನ್ನು ಈ ನಗರದ ವಿದ್ಯಾರ್ಥಿಗಳಾದ ನಾವು ಕೇಳಿಯೇ ಇರುತ್ತೇವೆ. ದೊಡ್ಡ ಬಂದರಿಗೆ ಹೊಸ ವಸ್ತುಗಳು ಬೇಗ ಬರುವುದು ಸಹಜ. ಆದರೆ ಬಂದರೂ ಅರಮನೆಯೂ ಇಲ್ಲದ ಸಣ್ಣ ಊರೊಂದರಲ್ಲಿ ಚಿತ್ರಮಂದಿರವು ಹೇಗೆ ನೆಲೆಯೂರಿತು? ಇದನ್ನು ತಿಳಿಯಲು ಕೊಯಮತ್ತೂರಿನ ಕಥೆಯನ್ನು ನೋಡೋಣ. ಆ ಊರು ಕನ್ನಡಿಗರಿಗೆ ತೀರ ಪರಕೀಯವಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.

ಸಾಮಿಕಣ್ಣು ವಿನ್ಸೆಂಟ್ ಎಂಬವರು ರೈಲ್ವೆಯಲ್ಲಿ ನಕ್ಷೆ ಬರೆಯುವ ನೌಕರರು. 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನು ಊರೂರು ಸುತ್ತುತ್ತ ತಿರುಚಿರಾಪಳ್ಳಿಗೆ ಬಂದವನು ಕಾಯಿಲೆ ಬಿದ್ದನು. ಸ್ವದೇಶಕ್ಕೆ ಮರಳುವ ಆತುರದಲ್ಲಿ ತನ್ನ ಯಂತ್ರವನ್ನೂ ಚಿತ್ರಗಳನ್ನೂ ಮಾರಲು ಹೊರಟನು. ಇಪ್ಪತ್ತೆರಡು ವರ್ಷದ ವಿನ್ಸೆಂಟರು ಎರಡು ಸಾವಿರಕ್ಕೂ ಮಿಕ್ಕ ರೂಪಾಯಿಗಳನ್ನು ಹೊಂದಿಸಿ ಅವನ್ನು ಕೊಂಡರು, ನೌಕರಿಯನ್ನು ತೊರೆದರು. ಏಸುವಿನ ಜೀವನವನ್ನು ತೋರಿಸುವ ಚಿತ್ರವೂ ಅವುಗಳಲ್ಲಿ ಇತ್ತು. ತಿಂಗಳ ಸಂಬಳದ ನೆಮ್ಮದಿಯನ್ನು ಬಿಟ್ಟು ಡೇರೆಯನ್ನು ಹೆಗಲಿಗೇರಿಸಿದ ಈ ಎದೆಗಾರಿಕೆ ಸಣ್ಣದೆಂದು ನಮಗೆ ತೋರುವುದಿಲ್ಲ.

ಡೇರೆಯ ವ್ಯಾಪಾರಕ್ಕೆ ಒಂದು ಅನುಕೂಲವಿತ್ತು. ಚಿತ್ರಗಳು ಅವೇ ಆದರೂ ಊರು ಬದಲಾದರೆ ಪ್ರೇಕ್ಷಕರು ಹೊಸಬರು. ಆದ್ದರಿಂದ ಒಮ್ಮೆ ಕೊಂಡ ಸುರುಳಿಗಳನ್ನು ಗೀರು ಬಿದ್ದು ಸವೆಯುವವರೆಗೂ ತೋರಿಸಬಹುದಾಗಿತ್ತು. ಆಗಿನವು ಮೂಕಚಿತ್ರಗಳು. ಒಂದು ಅಡಿ ಸುರುಳಿಯಲ್ಲಿ 16 ಚಿತ್ರಗಳು. ಸೆಕೆಂಡಿಗೆ ಸುಮಾರು 16 ಚಿತ್ರಗಳಂತೆ ಓಡಿಸಿದರೆ 1,000 ಅಡಿಯ ಸುರುಳಿ ಹದಿನೇಳು ನಿಮಿಷಗಳ ಒಳಗೇ ಮುಗಿಯುವುದು. ಯಂತ್ರ ಒಂದೇ ಆದಲ್ಲಿ, ಇನ್ನೊಂದು ಸುರುಳಿಯನ್ನು ಏರಿಸುವ ತನಕ ಜನರು ಕಾದಿರಬೇಕು. ಮಳೆ ಬಂದರೆ ಅಂದಿನ ಆಟವೇ ನಿಂತಂತೆ.

1914ರಲ್ಲಿ ವಿನ್ಸೆಂಟರು ಕೊಯಮತ್ತೂರಿನಲ್ಲಿ 'ವೆರೈಟಿ ಹಾಲ್' ಎಂಬ ಕಾಯಂ ಚಿತ್ರಮಂದಿರವನ್ನು ಕಟ್ಟಿಸಿದರು. ಅಲ್ಲಿಗೆ ವ್ಯಾಪಾರದ ಲೆಕ್ಕವೇ ತಲೆಕೆಳಗಾಯಿತು. ಈಗ ಪ್ರೇಕ್ಷಕರು ಅವರೇ, ಚಿತ್ರಗಳು ಹೊಸವಾಗಬೇಕು! ಒಂದೊಂದು ಆಟಕ್ಕೂ ಚಿತ್ರವನ್ನು ಕೊಳ್ಳುತ್ತ ಹೋದರೆ ಯಾವ ಸಣ್ಣ ಊರಿನ ಆದಾಯವೂ ಸಾಲದು. ಫ್ರಾನ್ಸಿನ ಪಾಥೆ ಮೊದಲಾದ ಕಂಪನಿಗಳು ಭಾರತದಲ್ಲಿ ಶಾಖೆಗಳನ್ನು ತೆರೆದು ಚಿತ್ರಗಳನ್ನು ಬಾಡಿಗೆಗೆ ಕೊಡತೊಡಗಿದ್ದರಿಂದಲೇ ಇಂತಹ ಮಂದಿರಗಳು ಬದುಕಿದವು. ತಗಡಿನ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸಲು ರೈಲು ಇದ್ದಿತು. ಚಿತ್ರಮಂದಿರದ ಇತಿಹಾಸದಲ್ಲಿ ನಟನಟಿಯರ ಹೆಸರಿನ ಪಕ್ಕದಲ್ಲಿ ರೈಲಿಗೂ ಒಂದು ಸ್ಥಾನ ಸಲ್ಲಬೇಕೆಂದು ನಾವು ಹೇಳುತ್ತೇವೆ.

ಇನ್ನು ಬೆಳಕಿನ ಮಾತು. ತೆರೆಯ ಮೇಲೆ ಚಿತ್ರವನ್ನು ಮೂಡಿಸಲು ಎರಡು ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಪ್ರಖರವಾದ ವಿದ್ಯುದ್ದೀಪ ಬೇಕಿತ್ತು. ಪೈಕಾರಾ ಜಲಪಾತದ ವಿದ್ಯುತ್ತು ಕೊಯಮತ್ತೂರಿಗೆ ಬಂದುದು 1930ರ ದಶಕದಲ್ಲಿ. ಅದಕ್ಕೆ ಮೊದಲು ಚಿತ್ರಮಂದಿರದವರು ತಮ್ಮ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳಬೇಕಾಗಿತ್ತು. ವಿನ್ಸೆಂಟರು ಅಷ್ಟಕ್ಕೇ ನಿಲ್ಲದೆ, ವಿದ್ಯುತ್ತಿನಿಂದ ನಡೆಯುವ ಮುದ್ರಣಾಲಯವನ್ನೂ ಹಿಟ್ಟಿನ ಗಿರಣಿಯನ್ನೂ ಹೂಡಿದರು. ಹೀಗೆ ವಿನೋದಕ್ಕೆಂದು ತಂದ ಶಕ್ತಿ ದುಡಿಮೆಗೂ ಒದಗಿತು. ಆ ದೀಪದ ಬಿಸಿಯ ಎದುರಿಗೇ ಓಡುತ್ತಿದ್ದ ನೈಟ್ರೇಟ್ ಸುರುಳಿಗೆ ಬೆಂಕಿ ತಗುಲಿದರೆ ನೀರೆರಚಿದರೂ ಆರದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಚಿತ್ರಮಂದಿರಗಳು ಪರವಾನಗಿ ಪಡೆದು ಸುರಕ್ಷಿತತೆಯ ನಿಯಮಗಳಿಗೆ ಒಳಪಡಬೇಕೆಂದು 1918ರ ಶಾಸನವು ವಿಧಿಸಿದುದಕ್ಕೆ ಈ ಭಯವೂ ಕಾರಣ.

1931ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ಮಾತನಾಡಿತು. ಮೂಕಚಿತ್ರಗಳ ಕಾಲ ಮುಗಿಯುತ್ತ ಬಂತು. ಸಣ್ಣ ಊರುಗಳ ಮಂದಿರಗಳೂ ಧ್ವನಿಯ ಯಂತ್ರಗಳಿಗಾಗಿ ಹಣ ಹೊಂದಿಸಬೇಕಾಯಿತು. ವಿನ್ಸೆಂಟರು 1942ರಲ್ಲಿ ತೀರಿಕೊಂಡರು. ಅವರ ಮಂದಿರವು ಮುಂದೆ 'ಡಿಲೈಟ್' ಎಂಬ ಹೆಸರು ಪಡೆಯಿತಾದರೂ, ಅದು ನಿಂತ ಬೀದಿಯನ್ನು ಊರಿನವರು ವೆರೈಟಿ ಹಾಲ್ ರಸ್ತೆಯೆಂದೇ ಕರೆಯುತ್ತ ಬಂದರು.