ಹೊಯ್ಸಳ: ಆರು ಸಂಕೇತವೋ, ಏಳೋ?

ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿರುವ ಪಂಚಲಿಂಗೇಶ್ವರ ದೇವಾಲಯವಿದೆ. ಪದವಿ ತರಗತಿಯ ಇತಿಹಾಸದ ಮೇಷ್ಟ್ರೊಬ್ಬರು ಆನ್‌ಲೈನ್ ಕಿರುಪರೀಕ್ಷೆಯಲ್ಲಿ ಆ ಗುಡಿಯ ಬಗ್ಗೆ ಸರಳವಾದ ಪ್ರಶ್ನೆಯೊಂದನ್ನು ಕೊಟ್ಟಿದ್ದಾರೆ ಎಂದುಕೊಳ್ಳಿ: ಇದು ಯಾವ ರಾಜವಂಶದ ಕಾಲದ್ದು? ವಿದ್ಯಾರ್ಥಿನಿ ‘ಹೊಯ್ಸಳ’ ಎಂದು ಟೈಪ್ ಮಾಡುತ್ತಾಳೆ. ಮೇಷ್ಟ್ರು ಸರಿಯುತ್ತರವೆಂದು ಬರೆದಿಟ್ಟಿರುವುದೂ ‘ಹೊಯ್ಸಳ’ವೇ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆದರೂ ಕಂಪ್ಯೂಟರ್ ಅವಳಿಗೆ ಸೊನ್ನೆ ಕೊಟ್ಟುಬಿಡಬಹುದು.

ಕಾರಣ ಅಕ್ಷರದ ಒಳಗಿದೆ. ನಮ್ಮ ಕಣ್ಣಿಗೆ ಕಾಣುವುದು ಅಕ್ಷರದ ಆಕಾರ. ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುವುದು ಸಂಖ್ಯೆಗಳ ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಮೀಸಲಾಗಿದೆ. ‘ಹೊ’ ಎಂಬುದನ್ನು ಆ ಪಟ್ಟಿಯಿಂದ ಎರಡು ರೀತಿಯಲ್ಲಿ ಕಟ್ಟಬಹುದು. ಹಕಾರಕ್ಕೆ ಒಕಾರದ ಗುರುತನ್ನು ನೇರವಾಗಿ ಸೇರಿಸುವುದು ಒಂದು ರೀತಿ. ಹಕಾರ, ಅದಕ್ಕೆ ಎತ್ವ, ಅದರ ಮೇಲೆ ಊಕಾರದ ಗುರುತು ಎಂದು ಬಿಡಿಬಿಡಿಯಾಗಿ ಪೋಣಿಸುವುದು ಇನ್ನೊಂದು. ಮೊದಲನೆಯ ಲೆಕ್ಕದಲ್ಲಿ ‘ಹೊಯ್ಸಳ’ ಎಂದರೆ ಆರು ಸಂಕೇತ, ಎರಡನೆಯದರಲ್ಲಿ ಏಳು. ‘ಕೋನ’ ಎಂಬ ಪುಟ್ಟ ಪದವನ್ನು ಹೀಗೆ ಬಿಡಿಸಿದರೆ ಮೂರರ ಬದಲು ಐದಾಗುತ್ತದೆ. ಯಂತ್ರ ಆಕಾರ ನೋಡುವುದಿಲ್ಲ, ಸಾಲನ್ನು ಸಾಲಿನ ಜೊತೆ ಹೋಲಿಸುತ್ತದೆ. ಆರು ಏಳಕ್ಕೆ ಸಮವಲ್ಲ, ಹಾಗಾಗಿ ಉತ್ತರ ತಪ್ಪು.

ಈ ತೊಡಕಿಗೆ ಯೂನಿಕೋಡಿನಲ್ಲೇ ಪರಿಹಾರವಿದೆ. ಹೋಲಿಸುವ ಮೊದಲು ಎರಡೂ ಸಾಲುಗಳನ್ನು ಒಂದೇ ರೂಪಕ್ಕೆ ತರಬೇಕು. ಅದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಬಿಡಿಬಿಡಿಯಾಗಿ ಬಂದ ಎತ್ವ ಮತ್ತು ಊಕಾರ ಕೂಡಿ ಒಂದೇ ಒಕಾರದ ಗುರುತಾಗುತ್ತವೆ, ಏಳು ಆರಾಗುತ್ತದೆ, ಹುಡುಗಿಯ ಅಂಕ ಉಳಿಯುತ್ತದೆ. ಕಾಲೇಜುಗಳು ವ್ಯಾಪಕವಾಗಿ ಬಳಸುವ ಮೂಡಲ್ ಎಂಬ ಕಲಿಕಾ ನಿರ್ವಹಣಾ ತಂತ್ರಾಂಶದಲ್ಲಿ (ಎಲ್‌ಎಂಎಸ್) ಕಿರುಉತ್ತರದ ಪ್ರಶ್ನೆಗಳಿಗೆ ಈ ಹೆಜ್ಜೆಯನ್ನು ಈಗಾಗಲೇ ಸೇರಿಸಲಾಗಿದೆ. ಸೇರಿಸಿದವರ ಮನಸ್ಸಿನಲ್ಲಿ ಕನ್ನಡ ಇತ್ತೋ ಇಲ್ಲವೋ, ಅದರ ಫಲ ಕೆ.ಆರ್.ಪೇಟೆಯ ವಿದ್ಯಾರ್ಥಿಗೂ ಸಿಗುತ್ತದೆ. ಈ ಲೇಖನ ಹೇಳಹೊರಟಿರುವುದು ಇದನ್ನೇ: ಒಂದೆಡೆ ಮಾಡಿದ ದುರಸ್ತಿ ಎಲ್ಲ ಕಾಲೇಜುಗಳನ್ನೂ ತಲುಪುವುದು ಹೇಗೆ, ಮತ್ತು ತಲುಪಿಸುವ ಆ ಕೆಲಸದಲ್ಲಿ ನಮ್ಮ ಕಾಲೇಜುಗಳ ಪಾಲು ಏನು.

ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ನಗರದಲ್ಲಿ. ಅದನ್ನು ಬರೆದ ಮಾರ್ಟಿನ್ ಡೂಗಿಯಾಮಸ್ ಬಾಲ್ಯದಲ್ಲಿ ಮರುಭೂಮಿಯ ನಡುವಿನ ಜನವಸತಿಯಲ್ಲಿದ್ದವರು; ಹತ್ತಿರದಲ್ಲಿ ಶಾಲೆ ಇಲ್ಲದೆ, ರೇಡಿಯೋ ಮೂಲಕ ಬರುತ್ತಿದ್ದ ಪಾಠ ಕೇಳಿ ಕಲಿತವರು. ದೂರದಲ್ಲಿರುವವನಿಗೂ ತರಗತಿಯ ಅನುಭವ ಸಿಗಬೇಕೆಂಬ ಹಟ ಆ ತಂತ್ರಾಂಶದಲ್ಲಿದೆ. ಮೊದಲ ಆವೃತ್ತಿ ಬಂದದ್ದು 2002ರ ಆಗಸ್ಟ್ 20ರಂದು. ಪಾಠದ ಟಿಪ್ಪಣಿ, ಅಸೈನ್‌ಮೆಂಟ್, ಕಿರುಪರೀಕ್ಷೆ, ಅಂಕಪಟ್ಟಿ, ಚರ್ಚೆ ಎಲ್ಲವೂ ಒಂದೇ ಕಡೆ. ಜಿಪಿಎಲ್ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಪರವಾನಗಿ ಶುಲ್ಕ ಇಲ್ಲ.

ಶುಲ್ಕವಿಲ್ಲ ಎಂಬ ಒಂದೇ ಮಾತು ಕೇಳಿ ತಂದು ಸರ್ವರ್‌ಗೆ ಹಾಕಿಕೊಂಡ ಕಾಲೇಜುಗಳಿಗೆ ಎರಡನೆಯ ವರ್ಷ ಕಷ್ಟ ಶುರುವಾಗುತ್ತದೆ. ಮೂಡಲ್‌ನ ಹೊಸ ಆವೃತ್ತಿ ಈಗ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. ಸಾಮಾನ್ಯ ಆವೃತ್ತಿಗೆ ಭದ್ರತಾ ದುರಸ್ತಿ ಸಿಗುವುದು 18 ತಿಂಗಳು ಮಾತ್ರ. ದೀರ್ಘಾವಧಿಯ ಆವೃತ್ತಿಗಾದರೆ 36 ತಿಂಗಳು. ಅವಧಿ ಮುಗಿದ ಮೇಲೂ ತಂತ್ರಾಂಶ ಓಡುತ್ತಲೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ಹೊರಗೆ ಗೊತ್ತಾದ ಲೋಪಗಳು ಒಳಗೆ ಹಾಗೇ ಉಳಿದು, ವಿದ್ಯಾರ್ಥಿಗಳ ಹೆಸರು, ಫೋನ್ ಸಂಖ್ಯೆ, ಅಂಕಗಳೆಲ್ಲ ಬಾಗಿಲು ತೆರೆದ ಮನೆಯಲ್ಲಿ ಇದ್ದಂತಾಗುತ್ತದೆ. ಸಣ್ಣ ಊರಿನ ಕಾಲೇಜಿನಲ್ಲಿ ಇದನ್ನು ನೋಡಿಕೊಳ್ಳುವುದು ಸಾಮಾನ್ಯವಾಗಿ ಒಬ್ಬರೇ ಅಧ್ಯಾಪಕರು. ಅವರಿಗೆ ತಮ್ಮ ಪಾಠ ಇದೆ, ನ್ಯಾಕ್ ಮಾನ್ಯತೆಯ ಕಡತ ಇದೆ, ಚುನಾವಣೆ ಬಂದರೆ ಆ ಕೆಲಸವೂ ಇದೆ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ಕಾಲೇಜೊಂದು ತನಗೆ ಬೇಕಾದ ಬದಲಾವಣೆಯನ್ನು ತನ್ನ ಪ್ರತಿಯಲ್ಲಷ್ಟೇ ಮಾಡಿಕೊಂಡಿತು ಎನ್ನೋಣ. ಆರು ತಿಂಗಳಿಗೆ ಹೊಸ ಆವೃತ್ತಿ ಬಂದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಇಲ್ಲವೇ ಹೊಸ ಕೋಡ್‌ಗೆ ಹೊಂದದೆ ಇಡೀ ಪುಟವನ್ನೇ ಕೆಡಿಸುತ್ತದೆ. ಮತ್ತೆ ಕೂತು ಮಾಡಬೇಕು. ಪಕ್ಕದ ತಾಲ್ಲೂಕಿನ ಕಾಲೇಜು ಅದೇ ತಿದ್ದುಪಡಿಯನ್ನು ಬೇರೆ ಬಗೆಯಲ್ಲಿ ಮಾಡಿಕೊಂಡು ಅದೇ ಪಾಡು ಪಡುತ್ತಿರುತ್ತದೆ. ಕಾವೇರಿ, ಹೇಮಾವತಿಯ ನಾಲೆಗಳನ್ನು ನಂಬಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ: ತೂಬಿನ ಬಾಯಲ್ಲಿ ಹೂಳು ಕಟ್ಟಿದ್ದರೆ ಕೆಳಗಿನವರು ತಂತಮ್ಮ ಗದ್ದೆಯ ಕಾಲುವೆಯನ್ನು ಎಷ್ಟು ಸಲ ಕೆರೆದರೂ ನೀರು ಬರುವುದಿಲ್ಲ, ಎಲ್ಲರೂ ಸೇರಿ ಮೇಲೆ ಹೋಗಿ ತೆಗೆದರೆ ಒಂದೇ ಸಲಕ್ಕೆ ಎಲ್ಲರ ಗದ್ದೆಗೂ ಹರಿಯುತ್ತದೆ. ಮುಕ್ತ ತಂತ್ರಾಂಶದಲ್ಲಿ ಆ ಮೇಲಿನ ತೂಬು ಎಂದರೆ ಮೂಲ ಯೋಜನೆ. ದುರಸ್ತಿಯನ್ನು ಅಲ್ಲಿಗೆ ಒಪ್ಪಿಸಿ, ಅವರು ಒಪ್ಪಿಕೊಂಡರೆ, ಮುಂದಿನ ಆವೃತ್ತಿಯ ಜೊತೆ ತಾನಾಗಿಯೇ ಕೆಳಗೆ ಬರುತ್ತದೆ.

ಒಪ್ಪಿಸುವುದು ಇಮೇಲ್ ಕಳಿಸಿದಷ್ಟು ಸುಲಭವಲ್ಲ. ಮೂಡಲ್‌ನಲ್ಲಿ ಪ್ರತಿ ತಕರಾರಿಗೂ ಒಂದು ಸಂಖ್ಯೆ ಸಿಗುತ್ತದೆ. ತಪ್ಪು ಹೇಗೆ ಮರುಕಳಿಸುತ್ತದೆಂದು ಹಂತಹಂತವಾಗಿ ಬರೆಯಬೇಕು. ಪರಿಹಾರದ ಕೋಡ್ ಜೊತೆಗೆ ಅದನ್ನು ಪರೀಕ್ಷಿಸುವ ಕೋಡ್ ಕೂಡ ಇರಬೇಕು. ಬೇರೊಬ್ಬ ಪ್ರೋಗ್ರಾಮರ್ ಓದಿ ಆಕ್ಷೇಪ ಎತ್ತುತ್ತಾರೆ, ತಿದ್ದಬೇಕು. ಆಮೇಲೆ ಸೇರ್ಪಡೆಯ ತಂಡ ನೋಡುತ್ತದೆ. ಕೊನೆಗೆ ಮನುಷ್ಯರು ಕೂತು ಒತ್ತಿ ನೋಡುತ್ತಾರೆ. ಇದು ವಾರವಾರ ನಡೆಯುವ ಚಕ್ರ. ಪುಟಗಳ ನಡವಳಿಕೆಯನ್ನು ಪರೀಕ್ಷಿಸುವ ಬೆಹಾಟ್ ಎಂಬ ಸಾಧನ ನನಗೆ ವಿಶೇಷ ಇಷ್ಟ. ಅದರಲ್ಲಿ ಪರೀಕ್ಷೆಯನ್ನು ಸಾಧಾರಣ ವಾಕ್ಯಗಳಲ್ಲಿ ಬರೆಯುತ್ತಾರೆ: ವಿದ್ಯಾರ್ಥಿ ಲಾಗಿನ್ ಆದಾಗ, ಈ ಉತ್ತರ ಬರೆದಾಗ, ಇಂಥ ಅಂಕ ಕಾಣಬೇಕು ಎಂಬ ಧಾಟಿ. ಈ ವಾಕ್ಯಗಳ ವ್ಯಾಕರಣವಾದ ಗರ್ಕಿನ್‌ನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ. ಮೂಡಲ್‌ನ ಸಿದ್ಧ ವಾಕ್ಯಗಳು ಇಂಗ್ಲಿಷಿನಲ್ಲಿವೆ ನಿಜ. ಆದರೆ ಪ್ರೋಗ್ರಾಮಿಂಗ್ ಗೊತ್ತಿಲ್ಲದ ಕನ್ನಡ ಅಧ್ಯಾಪಕರೂ ಇಂಥ ಪರೀಕ್ಷೆಯನ್ನು ಓದಿ ‘ಇದು ಸಾಲದು’ ಎನ್ನಬಲ್ಲರು.

ಒಂದು ಸಣ್ಣ ಕಾಲೇಜು ಇಷ್ಟನ್ನೆಲ್ಲ ಒಬ್ಬಂಟಿಯಾಗಿ ಮಾಡಲಾರದು. ಆದರೆ ಹಲವು ಸಣ್ಣ ಕಾಲೇಜುಗಳು ಒಟ್ಟಾಗಿ ಮಾಡಿ ತೋರಿಸಿವೆ. ಅಮೆರಿಕದ ಲಫಾಯೆಟ್, ಸ್ಮಿತ್, ಲೂಥರ್ ಮೊದಲಾದ ಪದವಿ ಕಾಲೇಜುಗಳು 2000ದ ದಶಕದ ಕೊನೆಯಲ್ಲಿ ಕ್ಲಾಂಪ್ ಎಂಬ ಕೂಟ ಕಟ್ಟಿಕೊಂಡವು. ಕಂಪ್ಯೂಟರ್ ವಿಭಾಗದಲ್ಲಿ ಬೆರಳೆಣಿಕೆಯ ಜನ ಇರುವ ಸಂಸ್ಥೆಗಳವು. ಅವರ ಪದ್ಧತಿ ಸರಳ: ಆಗಾಗ ಎಲ್ಲರೂ ಒಂದು ಕ್ಯಾಂಪಸ್‌ನಲ್ಲಿ ಸೇರುವುದು, ಕೆಲವು ದಿನ ಜೊತೆಗೆ ಕೂರುವುದು, ಅರ್ಧ ಜನ ದೋಷ ಸರಿಪಡಿಸುವುದು, ಇನ್ನರ್ಧ ಜನ ಕೈಪಿಡಿ ಬರೆಯುವುದು. ಹ್ಯಾಕ್-ಡಾಕ್ ಫೆಸ್ಟ್ ಎಂದು ಅದಕ್ಕೆ ಹೆಸರು. ಸರಿಪಡಿಸಿದ್ದನ್ನು ಒಟ್ಟುಗೂಡಿಸಿ ತಮ್ಮಂಥ ಕಾಲೇಜುಗಳಿಗೆ ಹೊಂದುವ ಮೂಡಲ್ ಆವೃತ್ತಿಯನ್ನೂ ಹಂಚಿದರು. ಕೈಪಿಡಿ ಬರೆಯುವವರನ್ನು ಕೋಡ್ ಬರೆಯುವವರ ಸಮಕ್ಕೆ ಕೂರಿಸಿದ್ದು ಅವರ ಜಾಣತನ ಎಂದು ನನ್ನ ಎಣಿಕೆ, ಏಕೆಂದರೆ ಅಧ್ಯಾಪಕರು ತಂತ್ರಾಂಶವನ್ನು ಕೈಬಿಡುವುದು ಹೆಚ್ಚಾಗಿ ಅದು ಕೆಟ್ಟಾಗಲ್ಲ, ಅರ್ಥವಾಗದಿದ್ದಾಗ.

ದೊಡ್ಡ ವಿಶ್ವವಿದ್ಯಾಲಯಗಳೂ ಈ ದಾರಿ ಹಿಡಿದಿವೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ತನಗಾಗಿ ಕಟ್ಟಿದ ಪ್ರಶ್ನೆ ಎಂಜಿನನ್ನು ಮೂಲಕ್ಕೇ ಕೊಟ್ಟಿತು. 2011ರ ಮೂಡಲ್ 2.1ರಲ್ಲಿ ಅದು ಸೇರಿತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿಗ್‌ಬ್ಲೂಬಟನ್ ಎಂಬ ನೇರ ತರಗತಿ ವ್ಯವಸ್ಥೆ ಈಗ ಮೂಡಲ್‌ನ ಜೊತೆಯಲ್ಲೇ ಬರುತ್ತದೆ.

ಎಲ್ಲ ಕೂಟಗಳ ಕತೆಯೂ ಇಷ್ಟು ಸುಖವಾಗಿಲ್ಲ. 2004ರಲ್ಲಿ ಮಿಷಿಗನ್, ಇಂಡಿಯಾನಾ, ಎಂಐಟಿ, ಸ್ಟ್ಯಾನ್‌ಫರ್ಡ್ ಸೇರಿ ಸಕಾಯ್ ಎಂಬ ಮುಕ್ತ ಎಲ್‌ಎಂಎಸ್ ಆರಂಭಿಸಿದವು; ಮೆಲನ್ ಪ್ರತಿಷ್ಠಾನದ ಅನುದಾನವೂ ಇತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಇಂಡಿಯಾನಾ, ಮಿಷಿಗನ್ ಎರಡೂ ಕ್ಯಾನ್ವಾಸ್ ಎಂಬ ಬೇರೆ ವ್ಯವಸ್ಥೆಯತ್ತ ಹೊರಳಿದವು. ಸಕಾಯ್ ಸಾಯಲಿಲ್ಲ, ಉಳಿದವರು ನಡೆಸುತ್ತ ಬಂದರು. ಆದರೆ ಹೊರೆಯ ದೊಡ್ಡ ಪಾಲು ಹೊತ್ತವರು ಹೊರಟಾಗ ಆಗುವ ನಷ್ಟ ಸಣ್ಣದಲ್ಲ. ಕೂಟ ಕಟ್ಟುವಾಗಲೇ ಯಾರೊಬ್ಬರ ಹೆಗಲ ಮೇಲೂ ಅತಿಯಾಗಿ ಹೊರಿಸಬಾರದು.

ಮತ್ತೆ ನಮ್ಮ ಕಡೆಗೆ ಬರೋಣ. ರಾಜ್ಯದ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಿಗೆಂದು 2021ರಲ್ಲಿ ಕರ್ನಾಟಕ ಎಲ್‌ಎಂಎಸ್ ಬಂತು. ಲಕ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠ ಎಂದರೇನೆಂದು ಪರಿಚಯವಾಯಿತು. ಹಂಚಿಕೊಂಡು ಕಟ್ಟುವ ರೂಢಿ ಇಲ್ಲಿಗೆ ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ತನ್ನ ಸಂಶೋಧನಾ ಲೇಖನಗಳ ಭಂಡಾರ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆಗೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೆಳೆಸಿದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಕನ್ನಡದಲ್ಲೇ ತಂದ ಪುಸ್ತಕ ಹಿಡಿದು ಮುಕ್ತ ತಂತ್ರಾಂಶ ಕಲಿಯುತ್ತಿದ್ದಾರೆ.

ಮಂಡ್ಯ ಜಿಲ್ಲೆಯಲ್ಲಿ ಕಾಲೇಜುಗಳ ಇಂಥದೊಂದು ಕೂಟ ಕಟ್ಟಲು ಬೇಕಾದ ಬುದ್ಧಿಬಲವೂ ಇದೆ. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರದು. ಕೆ.ಆರ್.ಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಶುರುವಾಯಿತು. ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲೂ ಪದವಿ ಕಾಲೇಜುಗಳಿವೆ. ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಹಾಜರಾತಿ ಆ್ಯಪ್, ಗ್ರಂಥಾಲಯ ಆ್ಯಪ್ ಎಂದು ಹುಡುಕುತ್ತಾರೆ. ಅಂಕ ಬಂದ ಮೇಲೆ ಆ ಆ್ಯಪ್‌ಗಳನ್ನು ಯಾರೂ ತೆರೆಯುವುದಿಲ್ಲ. ಅದೇ ಶ್ರಮ ಪಕ್ಕದ ಊರಿನ ಕಾಲೇಜು ದಿನವೂ ಬಳಸುವ ತಂತ್ರಾಂಶದ ನಿಜವಾದ ದೋಷವೊಂದಕ್ಕೆ ಹೋಗಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಕನ್ನಡಕ್ಕೆ ಸಂಬಂಧಿಸಿದ ದೋಷಗಳಂತೂ ನಾವೇ ಕೈಹಾಕದಿದ್ದರೆ ಸರಿಹೋಗುವುದು ಕಷ್ಟ. ‘ನ್ಯೂಟನ್’ ಪದವನ್ನೇ ನೋಡಿ, ಅದರಲ್ಲಿ ಏಳು ಸಂಕೇತಗಳಿವೆ. ನುಡಿಯಂಥ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಲ್ಲಿ ಕೆಲವು ಕೊನೆಯ ಅರ್ಧ ನಕಾರದ ನಂತರ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸಿಬಿಡುತ್ತವೆ. ಆಗ ಎಂಟಾಗುತ್ತದೆ. ಈ ಕಾಣದ ಗುರುತು ಅನಗತ್ಯವೆಂದಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರವು ಟಕಾರದ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಹಾಗಾಗಿ ಎಲ್ಲೆಡೆ ಕಿತ್ತೊಗೆಯುವಂತಿಲ್ಲ. ಮೊದಲು ಹೇಳಿದ ನಾರ್ಮಲೈಸೇಶನ್ ಇದನ್ನು ಮುಟ್ಟುವುದೂ ಇಲ್ಲ. ಪದದ ಕೊನೆಯಲ್ಲಿದ್ದರೆ ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು, ನಡುವೆ ಇದ್ದರೆ ಹೇಗೆ ಎಂಬುದನ್ನು ಕನ್ನಡ ಬಲ್ಲವರು ಕೂತು ತೀರ್ಮಾನಿಸಬೇಕು. ಸದ್ಯಕ್ಕೆ ಮೇಷ್ಟ್ರು ಎರಡೂ ರೂಪಗಳನ್ನು ಸರಿಯುತ್ತರವೆಂದು ಸೇರಿಸಿ ಪಾರಾಗಬಹುದು, ಆದರೆ ಪ್ರತಿ ಪ್ರಶ್ನೆಗೂ ಹಾಗೆ ಮಾಡುತ್ತ ಕೂರುವುದು ಯಾವ ಅಧ್ಯಾಪಕರಿಂದ ಸಾಧ್ಯ?

ಪರದೆಯ ಮೇಲಿನ ಮಾತುಗಳ ಅನುವಾದವೂ ಹೀಗೆಯೇ. ಮೂಡಲ್‌ಗೆ ಕನ್ನಡ ಭಾಷಾ ಕಟ್ಟು ಇದೆ. ಅನುವಾದಕ್ಕೆಂದೇ ಇರುವ ಸಾರ್ವಜನಿಕ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಸಾಲುಗಳನ್ನು ಸೂಚಿಸಬಹುದು, ಭಾಷೆಯ ಹೊಣೆ ಹೊತ್ತವರು ನೋಡಿ ಒಪ್ಪುತ್ತಾರೆ. ‘ಸಬ್‌ಮಿಷನ್’ ಎಂಬುದಕ್ಕೆ ‘ಸಲ್ಲಿಕೆ’ ಇರಲೋ, ‘ಒಪ್ಪಿಸಿದ್ದು’ ಇರಲೋ ಎಂಬುದು ನಾಗಮಂಗಲದ ಕನ್ನಡ ವಿಭಾಗ ಮತ್ತು ಕೆ.ಆರ್.ಪೇಟೆಯ ಕಂಪ್ಯೂಟರ್ ವಿಭಾಗ ಒಂದೇ ಮೇಜಿನ ಸುತ್ತ ಕೂತು ಬಗೆಹರಿಸಬೇಕಾದ ಪ್ರಶ್ನೆ.

ಪಾಠಗಳನ್ನೂ ಹಂಚಿಕೊಳ್ಳಬಹುದು. ಮೂಡಲ್‌ನ ಇಡೀ ಕೋರ್ಸನ್ನು ಒಂದು ಕಡತವಾಗಿ ಕಟ್ಟಿ ಇನ್ನೊಂದು ಕಾಲೇಜಿನಲ್ಲಿ ಬಿಚ್ಚಬಹುದು. 1171ರ ಕಿಕ್ಕೇರಿಯ ಬ್ರಹ್ಮೇಶ್ವರ, 1234ರ ಬಸರಾಳಿನ ಮಲ್ಲಿಕಾರ್ಜುನ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಒಂದೊಂದು ಕಾಲೇಜು ಒಂದೊಂದು ಗುಡಿಯ ಚಿತ್ರ, ನಕ್ಷೆ, ಪ್ರಶ್ನೆ ಸಿದ್ಧಪಡಿಸಿದರೆ ಎಲ್ಲ ಕಾಲೇಜುಗಳಿಗೂ ಪೂರ್ತಿ ಕೋರ್ಸ್ ಸಿಗುತ್ತದೆ. ನೆಟ್‌ವರ್ಕ್ ಸಿಗದ ಹಳ್ಳಿಯ ವಿದ್ಯಾರ್ಥಿಗಳು ಕಾಲೇಜಿನಲ್ಲಿದ್ದಾಗ ಅದನ್ನು ಮೂಡಲ್ ಆ್ಯಪ್‌ಗೆ ಇಳಿಸಿಕೊಂಡು ಮನೆಯಲ್ಲಿ ಓದಬಹುದು.

ಇಂಥ ಕೂಟಕ್ಕೆ ದೊಡ್ಡ ಕಟ್ಟಡ ಬೇಡ. ದೀರ್ಘಾವಧಿಯ ಒಂದೇ ಆವೃತ್ತಿಯನ್ನು ಎಲ್ಲರೂ ಬಳಸುವ ಒಪ್ಪಂದ, ಸೆಮಿಸ್ಟರ್ ರಜೆಯಲ್ಲಿ ಆವೃತ್ತಿ ಬದಲಿಸುವ ವೇಳಾಪಟ್ಟಿ, ಮೊದಲು ಪ್ರಯೋಗಿಸಿ ನೋಡಲು ಒಂದು ಪ್ರತ್ಯೇಕ ಸರ್ವರ್, ಪ್ರತಿ ಕಾಲೇಜಿನಿಂದ ಒಬ್ಬ ತಾಂತ್ರಿಕರು ಮತ್ತು ಒಬ್ಬ ಪಾಠ ಮಾಡುವವರು ಇದ್ದರೆ ಆರಂಭಕ್ಕೆ ಸಾಕು. ಇನ್ನೊಂದು ಲಾಭವನ್ನು ಸರ್ಕಾರಿ ಕಾಲೇಜಿನವರು ಬೇಗ ಗುರುತಿಸುತ್ತಾರೆ. ಈಗ ಎಲ್‌ಎಂಎಸ್ ಬಲ್ಲ ಅಧ್ಯಾಪಕರಿಗೆ ವರ್ಗಾವಣೆಯಾದರೆ ಪಾಸ್‌ವರ್ಡ್ ಇರುವ ನೋಟ್‌ಬುಕ್ಕೂ ಅವರೊಡನೆ ಹೋಗುತ್ತದೆ. ಹಿಂದೆ ಉಳಿದವರು ಮೊದಲಿನಿಂದ ಕಲಿಯಬೇಕು. ನಾಲ್ಕು ತಾಲ್ಲೂಕಿನ ಕಾಲೇಜುಗಳು ಒಂದೇ ಕೂಟದಲ್ಲಿದ್ದರೆ ಕೆ.ಆರ್.ಪೇಟೆಯಿಂದ ಪಾಂಡವಪುರಕ್ಕೆ ಹೋದ ಅಧ್ಯಾಪಕರು ಸೋಮವಾರ ಬೆಳಿಗ್ಗೆ ಹೊಸ ಕಾಲೇಜಿನಲ್ಲಿ ಕೂತು, ಹಳೆಯ ಕಾಲೇಜಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಅದೇ ದುರಸ್ತಿಯನ್ನು ಮುಂದುವರಿಸಬಹುದು.